ಟೊಮೆಟೊ ಎಲೆಗೆ ಬೂಷ್ಟಜ್ಜಿ ಬೊಟ್ಟಿಟ್ಟದ್ದು

"ಇನ್ನೊಂದು ಸಲ ಮಧ್ಯೆ ಬಾಯಿ ಹಾಕಿದೆ ಅಂದ್ರೆ ಕಥೆನೂ ಇಲ್ಲ, ಕಡ್ಲೆಪುರಿನೂ ಇಲ್ಲ. 'ಲೋಕ ಹೊಸದಾಗಿದ್ದಾಗ' ಅಂತ ಇದು ನಾಲ್ಕನೇ ಸಲ ಕಣೇ ನಾನು ಶುರು ಮಾಡ್ತಿರೋದು. ನೀನು ಹೀಗೇ ತಡೀತಾ ಇದ್ರೆ, ನಾನು ಮುಂದಿನ ಮಾತು ಹೇಳೋ ಹೊತ್ತಿಗೆ ಆ ಲೋಕ ಹಳೇದಾಗಿ, ತೂತು ಬಿದ್ದು, ಪಾತ್ರೆಯವನಿಗೆ ಹಾಕೋ ಹಾಗಾಗಿರುತ್ತೆ."

ರೂಪಕಲಾ ಹಿತ್ತಲ ಬಾಗಿಲ ಹೊಸ್ತಿಲಿನ ಒಳಗೆ ಮಣೆ ಹಾಕಿಕೊಂಡು ಕೂತಿದ್ದಳು. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಕಾಲಿಗೆ ಸಾಕ್ಸು. ಮಡಿಲಲ್ಲಿ ಮೂವತ್ತೆರಡು ದಿನದ ಗಂಡುಕೂಸು ಮುಷ್ಟಿ ಕಟ್ಟಿಕೊಂಡು ನಿದ್ದೆ ಮಾಡುತ್ತಿತ್ತು. ಬಾಣಂತಿ ಹೊಸ್ತಿಲು ದಾಟಬಾರದು ಎಂದು ಅವಳ ತಾಯಿ ಕಲ್ಲಮ್ಮ ಕಟ್ಟುನಿಟ್ಟು ಮಾಡಿದ್ದಳು.

ಹೊಸ್ತಿಲಿನಿಂದ ನಾಲ್ಕು ಹೆಜ್ಜೆ ಆಚೆ, ಬಚ್ಚಲ ಗೋಡೆಯ ಪಕ್ಕ, ಒಂದು ಟೊಮೆಟೊ ಗಿಡ. ಗಿಡಕ್ಕೆ ಬೆನ್ನು ಕೊಟ್ಟು, ಎರಡು ಕೈ ಅಗಲ ಚಾಚಿ, ಐದೂವರೆ ವರ್ಷದ ಮಗಳು ತನು ಪೊಲೀಸಿನವಳ ಹಾಗೆ ನಿಂತಿದ್ದಳು. ಬೆಳಿಗ್ಗೆಯಿಂದ ತಿಂಡಿ ಕೂಡ ಅಲ್ಲೇ ನಿಂತು ತಿಂದಿದ್ದಳು.

ಗಿಡವಂತೂ ಕಾಣುತ್ತಲೇ ಇರಲಿಲ್ಲ. ಅದಕ್ಕೆ ಹಳೆಯ ನೂಲು ಸೀರೆಯ ತುಂಡು ಸುತ್ತಿತ್ತು. ಕೂಸಿಗೂ ಅದೇ ಸೀರೆಯ ತುಂಡೇ ಸುತ್ತಿದ್ದು.

ಮೂರು ತಿಂಗಳ ಹಿಂದೆ ಹೆರಿಗೆಗೆಂದು ಕಡೂರಿನ ತವರಿಗೆ ಬಂದಾಗ ರೂಪಕಲಾ, ತನು ಕೂಡಿ ಒಂದು ಕೊಳೆತ ಟೊಮೆಟೊ ಹಣ್ಣನ್ನು ಹಿಸುಕಿ ನೆಟ್ಟಿದ್ದರು. ನಾಲ್ಕು ಸಸಿ ಎದ್ದಿತ್ತು, ಮೂರನ್ನು ಪಕ್ಕದ ಮನೆಯ ಕೋಳಿ ತಿಂದಿತು. ಉಳಿದದ್ದು ಇದೊಂದು. ಕೂಸು ಹುಟ್ಟಿದ ಮೇಲೆ ಅಮ್ಮನಿಗೆ ಹಿತ್ತಿಲಿಗೆ ಬರುವುದಕ್ಕಾಗಲಿಲ್ಲ. ಗಿಡ ತನುವಿನ ಪಾಲಿಗೆ ಬಂತು. ಅದು ಅವಳ ಪಾಪು ಆಯಿತು.

ಅಜ್ಜಿ ಪಾಪುವಿಗೆ ಮಾಡುವುದನ್ನೆಲ್ಲ ತನು ತನ್ನ ಪಾಪುವಿಗೂ ಮಾಡಿದಳು. ಅಂಗನವಾಡಿಯಿಂದ ಬಂದು, ಆಟ ಮುಗಿಸಿ, ದೀಪ ಹಚ್ಚುವ ಹೊತ್ತಿಗೆ ಗಿಡಕ್ಕೆ ತಲೆಗೆ ನೀರು. ಚೊಂಬು ಚೊಂಬು ನೀರು. ಒಂದೊಂದು ಎಲೆಯನ್ನೂ ಉಜ್ಜಿ ಉಜ್ಜಿ ಸ್ನಾನ. ಆಮೇಲೆ ಸಾಂಬ್ರಾಣಿ ಹೊಗೆ. ಆಮೇಲೆ, ಗಾಳಿ ತಗುಲಬಾರದು ನೋಡಿ, ಸೀರೆಯ ತುಂಡಿನಲ್ಲಿ ಬಿಗಿಯಾಗಿ ಸುತ್ತಿ, "ತಾಚಿ ಮಾಡು" ಎಂದು ಹೇಳಿ ಒಳಗೆ ಬರುತ್ತಿದ್ದಳು. ಒಂದು ತಿಂಗಳಿನಿಂದ ಇದು ನಡೆದಿತ್ತು. ಬಾಣಂತಿಮನೆಯಲ್ಲಿ ಯಾರಿಗೆ ಪುರುಸೊತ್ತು, ಯಾರೂ ನೋಡಿರಲಿಲ್ಲ.

ಇವತ್ತು ಬೆಳಿಗ್ಗೆ ಕಲ್ಲಮ್ಮ ಬಟ್ಟೆ ಬಿಚ್ಚಿ ನೋಡಿದಳು. ಕೆಳಗಿನ ಎಲೆಗಳ ತುಂಬ ಕಪ್ಪು ಚುಕ್ಕೆ. ಚುಕ್ಕೆಯ ಸುತ್ತ ಒಂದು ಉಂಗುರ, ಉಂಗುರದ ಸುತ್ತ ಇನ್ನೊಂದು ಉಂಗುರ. ಅಂಚೆಲ್ಲ ಹಳದಿ.

"ಬೂಷ್ಟು ಹಿಡಿದಿದೆ. ಇದು ಹೋಯ್ತು. ಮಧ್ಯಾಹ್ನದ ಒಳಗೆ ಬುಡಸಮೇತ ಕಿತ್ತು ಬಿಸಾಕ್ತೀನಿ, ಇಲ್ಲದಿದ್ರೆ ನನ್ನ ಬದನೆಗೂ ಹತ್ತುತ್ತೆ" ಎಂದಳು.

"ಬುಡ ಯಾಕಮ್ಮ ಕೀಳ್ತೀಯಾ? ಕೆಳಗಿನ ಆರು ಎಲೆ ತೆಗೆದ್ರೆ ಸಾಕು, ಗಿಡ ಬದುಕುತ್ತೆ" ಎಂದಳು ರೂಪಕಲಾ. ಹತ್ತನೇ ಕ್ಲಾಸು ಮುಗಿಸಿ ಮದುವೆಯ ತನಕ ಎರಡು ವರ್ಷ ನರ್ಸರಿಯಲ್ಲಿ ಸಸಿ ಬೆಳೆಸುವ ಕೆಲಸ ಮಾಡಿದ್ದಳು. ಎಷ್ಟು ಟೊಮೆಟೊ ಎಲೆಯನ್ನು ಚಿವುಟಿದ್ದಳೋ ಅವಳಿಗೇ ಲೆಕ್ಕವಿಲ್ಲ.

ತನು ಮಾತ್ರ ಯಾವುದಕ್ಕೂ ಒಪ್ಪಲಿಲ್ಲ. ಬಟ್ಟೆಯನ್ನು ಮತ್ತೆ ಸುತ್ತಿದಳು.

"ಒಂದೇ ಒಂದು ಎಲೆ ಮುಟ್ಟಿದ್ರೂ ಕಿರುಚ್ತೀನಿ. ಪಾಪು ಏಳುತ್ತೆ. ಎದ್ರೆ ಸಂಜೆ ತನಕ ಮಲಗಲ್ಲ."

ಅದು ಬಲವಾದ ಬೆದರಿಕೆಯೇ. ಕಲ್ಲಮ್ಮ ಮಗಳ ಮುಖ ನೋಡಿದಳು. "ಮಧ್ಯಾಹ್ನದ ತನಕ ಟೈಮು. ನಿನ್ನ ಮಗಳು, ನಿನ್ನ ಬಾಯಿ. ಏನು ಮಾಡ್ತೀಯೋ ಮಾಡು" ಎಂದು ಬಚ್ಚಲಿಗೆ ಹೋಗಿ ಹಂಡೆ ಒಲೆಗೆ ಸೌದೆ ತಳ್ಳತೊಡಗಿದಳು.

ಹಾಗಾಗಿ ಕಥೆ.

"ಮಧ್ಯೆ ಮಾತಾಡಲ್ಲ" ಎಂದಳು ತನು. "ಆದ್ರೆ ಆ ಲೋಕ ಯಾಕೆ ಹೊಸದಾಗಿತ್ತು?"

"ಆಗ ತಾನೇ ಅಂಗಡಿಯಿಂದ ತಂದಿದ್ರು. ಸುಮ್ನೆ ಕೇಳು."

ಲೋಕ ಹೊಸದಾಗಿದ್ದಾಗ, ಆಕಾಶಕ್ಕೆ ಬಳಿದ ನೀಲಿ ಇನ್ನೂ ಒಣಗದೆ ಬೆರಳಿಗೆ ಅಂಟುತ್ತಿದ್ದಾಗ, ಭೂಮಿತಾಯಿ ಎಲ್ಲರನ್ನೂ ಕೂರಿಸಿಕೊಂಡು ಕೆಲಸ ಹಂಚಿದಳು. ಹೊಳೆಗೆ ಓಡುವ ಕೆಲಸ. ಇರುವೆಗೆ ಹೊರುವ ಕೆಲಸ. ಕಪ್ಪೆಗೆ ಕೂಗುವ ಕೆಲಸ. ಗಾಳಿಗೆ ಎಲ್ಲರ ಮನೆಗೂ ಹೋಗಿ ಬರುವ ಕೆಲಸ.

ಎಲ್ಲ ಹಂಚಿ, ಸೊಂಟ ಹಿಡಿದುಕೊಂಡು ಏಳುವಾಗ ಅವಳ ಸೆರಗಿನಿಂದ ಏನೋ ಉದುರಿತು. ಸಾಸಿವೆಗಿಂತ ಸಣ್ಣದು. ಸಾಸಿವೆಯ ಮರಿಮಗಳಿಗಿಂತಲೂ ಸಣ್ಣದು.

"ಯಾರಮ್ಮ ನೀನು?" ಎಂದಳು ಭೂಮಿತಾಯಿ.

"ನಾನು ಬೂಷ್ಟಜ್ಜಿ. ನನಗೆ ಕಾಲಿಲ್ಲ, ಕಣ್ಣಿಲ್ಲ. ನನಗೂ ಒಂದು ಕೆಲಸ ಕೊಡು ತಾಯಿ."

ಭೂಮಿತಾಯಿಗೆ ಪಾಪ ಅನ್ನಿಸಿತು. "ನೋಡಜ್ಜಿ, ಗಿಡದಿಂದ ಬಿದ್ದ ಎಲೆಗಳೆಲ್ಲ ನನ್ನ ಮೇಲೆ ರಾಶಿ ಬೀಳುತ್ತವೆ. ನೀನು ಅವನ್ನು ತಿಂದು ಮಣ್ಣು ಮಾಡು. ಬಿದ್ದದ್ದು ನಿನ್ನದು, ನಿಂತದ್ದು ನನ್ನದು. ಮರೀಬೇಡ."

"ಬಿದ್ದದ್ದು ನನ್ನದು, ನಿಂತದ್ದು ನಿನ್ನದು" ಎಂದು ಬೂಷ್ಟಜ್ಜಿ ಬಾಯಿಪಾಠ ಮಾಡಿದಳು. ಆಮೇಲೆ ಕೇಳಿದಳು, "ಕಣ್ಣಿಲ್ಲದವಳಿಗೆ ಬಿದ್ದದ್ದು ಯಾವುದು, ನಿಂತದ್ದು ಯಾವುದು, ಹೇಗೆ ತಿಳೀಬೇಕು ತಾಯಿ?"

"ಮುಟ್ಟಿ ನೋಡು. ಒದ್ದೆಯಾಗಿ, ಅಲ್ಲಾಡದೆ ಇದ್ದರೆ ಅದು ಬಿದ್ದದ್ದು. ಒಣಗಿ, ಅಲ್ಲಾಡುತ್ತಾ ಇದ್ದರೆ ಅದು ನಿಂತದ್ದು."

"ಕನ್ನಡಕ ಹಾಕ್ಕೋಬಹುದಿತ್ತಲ್ಲ" ಎಂದಳು ತನು.

"ಮೂಗೇ ಇಲ್ಲ ಅವಳಿಗೆ. ಕನ್ನಡಕ ಏನು ಬೆನ್ನ ಮೇಲೆ ಕೂರುತ್ತಾ? ಇದು ಐದನೇ ಸಲ."

ಬೂಷ್ಟಜ್ಜಿ ಒಳ್ಳೆಯ ಕೆಲಸಗಾತಿ. ಬಿದ್ದ ಎಲೆ ಮುಟ್ಟುವಳು, ಒದ್ದೆ ಇದೆಯಾ, ಸುಮ್ಮನಿದೆಯಾ, ತಿನ್ನುವಳು, ಮಣ್ಣು ಮಾಡುವಳು. ಒಂದು ದಿನವೂ ರಜೆ ಹಾಕಲಿಲ್ಲ. ಒಬ್ಬರ ತಂಟೆಗೂ ಹೋಗಲಿಲ್ಲ.

ಅದೇ ಹಿತ್ತಿಲಲ್ಲಿ ಮೂವರು ಅಕ್ಕತಂಗಿಯರಿದ್ದರು. ದೊಡ್ಡವಳು ಬದನೆ. ಮೈಯೆಲ್ಲ ಮುಳ್ಳು, ಮನಸ್ಸು ಬೆಣ್ಣೆ. ನಡುವಿನವಳು ಮೆಣಸಿನಕಾಯಿ. ಅವಳ ನಾಲಿಗೆಯ ವಿಷಯ ಊರಿಗೆಲ್ಲ ಗೊತ್ತು.

"ನಿನ್ನ ಥರ" ಎಂದು ಬಚ್ಚಲಿನಿಂದ ಕಲ್ಲಮ್ಮ ಕೂಗಿದಳು.

"ಒಲೆ ಉರಿಸಮ್ಮ ನೀನು."

ಕಿರಿಯವಳು ಟೊಮೆಟೊ. ಅವಳಿಗೆ ಸೊಂಟದಲ್ಲಿ ಬಲವೇ ಇಲ್ಲ. ಬದನೆ ನಿಂತಳು, ಮೆಣಸಿನಕಾಯಿ ನಿಂತಳು, ಟೊಮೆಟೊ ಮಾತ್ರ ನೆಲದ ಮೇಲೆ ಚಾಪೆ ಹಾಸಿದ ಹಾಗೆ ಹರಡಿಕೊಂಡು ಮಲಗಿದಳು. ಆದರೆ ಮಕ್ಕಳ ಮೇಲೆ ಅವಳಿಗಿದ್ದಷ್ಟು ಪ್ರೀತಿ ಯಾರಿಗೂ ಇರಲಿಲ್ಲ.

ಅವಳ ಮೊದಲ ಮಗಳು ಹಿರಿಯೆಲೆ. ಎಲ್ಲಕ್ಕಿಂತ ಕೆಳಗೆ, ಬುಡದ ಹತ್ತಿರ ಇದ್ದಳು. ಟೊಮೆಟೊಗೆ ಬೇರೆ ಮಕ್ಕಳೇ ಇಲ್ಲದಿದ್ದಾಗ ಬಿಸಿಲು ಹಿಡಿದು ಅಡುಗೆ ಮಾಡಿದವಳು ಅವಳೇ. ಆ ಅಡುಗೆ ಉಂಡೇ ಗಿಡ ಬೆಳೆದದ್ದು. ಆಮೇಲೆ ತಂಗಿ ಎಲೆ ಹುಟ್ಟಿತು, ತಮ್ಮ ಎಲೆ ಹುಟ್ಟಿತು, ಮೇಲೆ ಮೇಲೆ ಮರಿ ಎಲೆಗಳು, ಹಳದಿ ಹೂ, ಗೋಲಿಯಷ್ಟು ಹಸಿರು ಕಾಯಿ. ಮನೆ ತುಂಬಿತು.

ಮನೆ ತುಂಬಿದ ಮೇಲೆ ಟೊಮೆಟೊಗೆ ಭಯ ಹಿಡಿಯಿತು. ಮಕ್ಕಳಿಗೆ ಶೀತ ಆದರೆ? ಯಾರ ಕಣ್ಣಾದರೂ ಬಿದ್ದರೆ?

ಆಗ ಗಾಳಿಮಾವ ಬಂದ. ಗಾಳಿ ಅಂದರೆ ಎಲೆಗಳಿಗೆಲ್ಲ ಸೋದರಮಾವ. ಏಳು ಬೆಟ್ಟ ದಾಟಿ, ಬೆನ್ನಿಗೆ ಮೂಟೆ ಹಾಕಿಕೊಂಡು, "ಮಕ್ಕಳೇ, ಬನ್ನಿ, ಉಯ್ಯಾಲೆ ಆಡಿಸ್ತೀನಿ" ಎಂದ.

ಟೊಮೆಟೊ ಬಾಗಿಲಲ್ಲೇ ತಡೆದಳು. "ಅಣ್ಣಾ, ಬೇಜಾರು ಮಾಡ್ಕೋಬೇಡ. ಇದು ಬಾಣಂತಿಮನೆ. ಗಾಳಿ ಒಳಗೆ ಬರಬಾರದು."

"ಒಂದು ಸಲ ಮುಖ ನೋಡ್ಕೊಂಡು ಹೋಗ್ತೀನಮ್ಮ."

"ಬೇಡಣ್ಣ. ದೊಡ್ಡವರಾದ ಮೇಲೆ ಬಾ."

ಗಾಳಿಮಾವ ಮೂಟೆಯನ್ನು ಮತ್ತೆ ಬೆನ್ನಿಗೆ ಹಾಕಿಕೊಂಡ. ಹೋಗುವಾಗ ಹಿಂದೆ ತಿರುಗಿಯೂ ನೋಡಲಿಲ್ಲ. ಟೊಮೆಟೊ ಮಕ್ಕಳನ್ನೆಲ್ಲ ಒತ್ತೊತ್ತಾಗಿ ಅಪ್ಪಿಕೊಂಡು ಮಲಗಿದಳು.

ತನು ಏನೋ ಹೇಳಲು ಬಾಯಿ ತೆರೆದಳು. ಅಮ್ಮನ ಮುಖ ನೋಡಿ ಮುಚ್ಚಿದಳು.

ಆಮೇಲೆ ಟೊಮೆಟೊ ಮಳೆಯನ್ನು ಕರೆದಳು. "ಮಳೆಯಮ್ಮ, ನನ್ನ ಮಕ್ಕಳಿಗೆ ದಿನಾ ತಲೆಗೆ ನೀರು ಹಾಕಿ ಹೋಗು."

"ಬೆಳಿಗ್ಗೆ ಬರ್ತೀನಮ್ಮ. ಬಿಸಿಲಿಗೆ ಮೈ ಆರುತ್ತೆ."

"ಬೇಡ, ಸಂಜೆ ಬಾ. ಮಿಂದು ಮಲಗಿದ್ರೆ ಒಳ್ಳೆ ನಿದ್ದೆ."

ಮಳೆಗೇನು, ಕರೆದ ಕಡೆ ಹೋಗುವವಳು. ಸಂಜೆ ಬಂದಳು. ಹನಿ ಟಪ್ ಅಂತ ಮಣ್ಣಿಗೆ ಬಿತ್ತು, ಪುಟ್ ಅಂತ ಮೇಲಕ್ಕೆ ಹಾರಿತು. ಟಪ್ ಅಂತ ಬಿತ್ತು, ಪುಟ್ ಅಂತ ಹಾರಿತು. ಮಣ್ಣಿನಲ್ಲಿ ಕೆಲಸ ಮಾಡುತ್ತಿದ್ದ ಬೂಷ್ಟಜ್ಜಿ ಒಂದು ಹನಿಯ ಬೆನ್ನೇರಿ ಪುಟ್ ಅಂತ ಹಾರಿ, ಎಲ್ಲಿಗೋ ಹೋಗಿ ಕೂತಳು. ಅದು ಹಿರಿಯೆಲೆಯ ಕೆನ್ನೆ.

ಬೂಷ್ಟಜ್ಜಿ ತಡಕಿ ನೋಡಿದಳು. ಒದ್ದೆ ಇದೆ. ಅಲ್ಲಾಡುತ್ತಿಲ್ಲ. ಆದರೂ ಬೆಚ್ಚಗಿದೆ, ಮೆತ್ತಗಿದೆ. ಅನುಮಾನ ಬಂತು. "ಯಾರಿದು?" ಎಂದಳು.

"ನನ್ನ ಹಿರಿಮಗಳು ಅಜ್ಜಿ" ಎಂದಳು ಟೊಮೆಟೊ.

"ಎಷ್ಟು ಮುದ್ದಾಗಿದ್ದಾಳೆ! ಯಾರ ಕಣ್ಣಾದ್ರೂ ಬಿದ್ದೀತು. ಒಂದು ದೃಷ್ಟಿಬೊಟ್ಟು ಇಡ್ಲಾ?"

ಟೊಮೆಟೊಗೂ ಅದೇ ಬೇಕಿತ್ತು. "ಇಡು ಅಜ್ಜಿ, ಕೆನ್ನೆಗೊಂದು ಇಡು."

ಬೂಷ್ಟಜ್ಜಿ ಕಪ್ಪು ಬೊಟ್ಟು ಇಟ್ಟಳು. ಆದರೆ ನೋಡು, ಅವಳಿಗೆ ಬೆರಳೂ ಬಾಯೂ ಒಂದೇ. ಮುಟ್ಟಿದರೆ ತಿಂದ ಹಾಗೆ. ಅದು ಅವಳಿಗೇ ಗೊತ್ತಿರಲಿಲ್ಲ. ಪಾಪ, ಅವತ್ತಿನ ತನಕ ಬದುಕಿರುವ ಯಾರನ್ನೂ ಅವಳು ಮುಟ್ಟಿರಲಿಲ್ಲ. ಮಾರನೆಯ ಸಂಜೆ ಹಿರಿಯೆಲೆ ಮತ್ತೆ ಒದ್ದೆಯಾಗಿ ಸುಮ್ಮನೆ ಮಲಗಿದ್ದಳು. ಬೂಷ್ಟಜ್ಜಿ ಬೊಟ್ಟಿನ ಸುತ್ತ ಒಂದು ಉಂಗುರ ಬರೆದಳು. ಅದರ ಮಾರನೆಯ ಸಂಜೆ ಇನ್ನೊಂದು ಉಂಗುರ. ಮುದ್ದು ಮಾಡುತ್ತಾ ಮಾಡುತ್ತಾ ತಿಂದಳು.

"ಯಾರಿಗೇ ಅಂತಿದ್ದೀಯಾ ಅದು?" ಬಚ್ಚಲಿನಿಂದ ಕಲ್ಲಮ್ಮ.

"ನಿನಗಲ್ಲಮ್ಮ! ಬೂಷ್ಟಜ್ಜಿಗೆ."

"ಅಜ್ಜಿ ಅಂದ ತಕ್ಷಣ ಎಲ್ಲ ನನ್ನ ತಲೆಗೇ ಕಟ್ಟೋದು ನೀನು."

ಹಿರಿಯೆಲೆಯ ಅಂಚು ಹಳದಿಯಾಯಿತು. ಅವಳಿಗೆ ಅಡುಗೆ ಮಾಡಲು ಕೈ ಏಳಲಿಲ್ಲ. ಸಂಜೆ ಮಳೆ ಬಂದರೆ ಅವಳ ಕೆನ್ನೆಯಿಂದ ಹನಿ ಹಾರಿ ಮೇಲಿನ ತಂಗಿಯ ಮೇಲೆ ಬೀಳುವುದು. ಅಲ್ಲಿ ಒಂದು ಬೊಟ್ಟು. ಅಲ್ಲಿಂದ ಅದರ ಮೇಲಿನ ತಮ್ಮನಿಗೆ. ಅಲ್ಲೂ ಒಂದು ಬೊಟ್ಟು. ಒಂದು ಹಸಿರು ಕಾಯಿಯ ತೊಟ್ಟಿನ ಹತ್ತಿರ ಕೂಡ ಕಪ್ಪಾಯಿತು.

ಟೊಮೆಟೊ ಕಿರುಚಿದಳು. ಅಕ್ಕಂದಿರು ತಿರುಗಿ ನೋಡಿದರು.

"ಇನ್ನೂ ಬಿಗಿಯಾಗಿ ಅಪ್ಪಿಕೋ" ಎಂದಳು ಮೆಣಸಿನಕಾಯಿ. "ಇನ್ನೂ ನಾಲ್ಕು ಕೊಡ ನೀರು ಹೊಯ್ಸು. ಬಂದ ಅಣ್ಣನನ್ನ ಬಾಗಿಲಲ್ಲೇ ನಿಲ್ಸಿ ಕಳ್ಸಿದ್ಯಲ್ಲ, ಎಲ್ಲಿ ನಿನ್ನ ಬಾಣಂತನ ಈಗ? ಹೋಗಿ ಕರಿ ಅವನನ್ನ!"

"ಬೈಬೇಡ್ವೇ ಅವಳನ್ನ" ಎಂದಳು ಬದನೆ. "ತಂಗೀ, ನಮ್ಮ ಕಡೆಗೆ ಮಾತ್ರ ವಾಲಬೇಡ. ನಾವು ಮೂವರೂ ಒಂದೇ ಹೊಟ್ಟೆಯವರು. ನಿನಗೆ ಹತ್ತಿದ್ದು ನಮಗೂ ಹತ್ತುತ್ತೆ. ಇಗೋ, ಈ ಕೋಲು ತಗೋ. ಇದನ್ನ ಹಿಡ್ಕೊಂಡು ಎದ್ದು ನಿಲ್ಲು."

ಟೊಮೆಟೊ ಕೋಲು ಹಿಡಿದಳು. ಸೊಂಟ ನಡುಗಿತು. ಆದರೂ ಎದ್ದಳು. ಎದ್ದು ನಿಂತು ಏಳು ಬೆಟ್ಟದ ಕಡೆ ಮುಖ ಮಾಡಿ ಕೂಗಿದಳು, "ಅಣ್ಣಾ, ತಪ್ಪಾಯ್ತು. ಬಾ."

ಗಾಳಿ ಬರಲಿಲ್ಲ. ಇನ್ನೊಮ್ಮೆ ಕೂಗಿದಳು. ಬರಲಿಲ್ಲ. ಸೋದರಮಾವನಿಗೂ ಸಿಟ್ಟು ಇರುತ್ತದಲ್ಲ. ಮೂರನೆಯ ಸಲ ಕೂಗಿದಾಗ ದೂರದಿಂದ ಉತ್ತರ ಬಂತು.

"ಬರ್ತೀನಿ. ಆದ್ರೆ ದಾರಿ ಎಲ್ಲಿದೆ? ಮಕ್ಕಳನ್ನೆಲ್ಲ ಮುಚ್ಚಿಟ್ಟುಕೊಂಡ್ರೆ ನಾನು ಎಲ್ಲಿಂದ ಬರ್ಲಿ?"

ಕಥೆ ಇಲ್ಲಿಗೆ ಬಂದಾಗ ತನು ತಿರುಗಿದಳು. ಅಮ್ಮನಿಗೆ ಬೆನ್ನು ಮಾಡಿ, ಸೀರೆಯ ತುಂಡಿನ ಒಂದು ಗಂಟು ಬಿಚ್ಚಿದಳು. ಆಮೇಲೆ ಇನ್ನೊಂದು. "ಪೂರ್ತಿ ಅಲ್ಲ, ಮಾವ ಬರೋವಷ್ಟು" ಎಂದಳು, ಯಾರೂ ಕೇಳದಿದ್ದರೂ. ಬಟ್ಟೆ ಜಾರಿ ಕೆಳಗೆ ಬಿತ್ತು. ಒದ್ದೆ ಎಲೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಒಂಬತ್ತು ಗಂಟೆಯ ಬಿಸಿಲು ಗೋಡೆ ಹತ್ತಿ ಅವುಗಳ ಮೇಲೆ ಇಳಿಯಿತು.

ರೂಪಕಲಾ ಏನೂ ಕಾಣದವಳ ಹಾಗೆ ಕೂಸಿನ ಹಣೆ ಒರೆಸಿದಳು. ಒದ್ದೆ ಎಲೆ ಕೀಳಬಾರದು, ಕೈಯಿಂದ ಕೈಗೆ ರೋಗ ಹರಡುತ್ತದೆ ಎಂದು ನರ್ಸರಿಯಲ್ಲಿ ಎಷ್ಟು ಸಲ ಬೈಸಿಕೊಂಡಿದ್ದಳು. ಎಲೆ ಒಣಗಲಿ. ಅಲ್ಲಿಯ ತನಕ ಕಥೆ ಎಳೆಯಬೇಕು.

ಗಾಳಿಮಾವ ಬಂದ. ಹೊಕ್ಕ ಹಾಗೆಯೇ ಒಬ್ಬೊಬ್ಬರ ಕೈ ಹಿಡಿದು ಕುಣಿಸಿದ. ಇವಳ ಕಿವಿ ಹಿಂಡಿದ, ಅವನ ತಲೆ ಸವರಿದ. ಎಲೆಗಳ ಮೈ ಆರಿತು. ಮೇಲಿನ ಮರಿ ಎಲೆಗಳು ತಕತಕ ಕುಣಿದವು.

ಬೂಷ್ಟಜ್ಜಿ ಬೆಚ್ಚಿಬಿದ್ದಳು. "ಅಯ್ಯೋ! ಇದು ಒಣಗಿದೆ! ಅಲ್ಲಾಡ್ತಿದೆ! ಇದು ನಿಂತದ್ದು! ಅಯ್ಯೋ ತಾಯಿ, ನಾನು ಏನು ತಿಂದೆ?"

ಅವಳು ಅತ್ತಳು. ಕಣ್ಣಿಲ್ಲದವಳು ಹೇಗೆ ಅತ್ತಳೋ, ನೀನು ಕೇಳಬೇಡ, ಅತ್ತಳು. "ನಾನು ಹೊರಟೆ ಮಗಳೇ. ಬೊಟ್ಟಿಲ್ಲದ ಮಕ್ಕಳನ್ನ ಯಾರನ್ನೂ ಮುಟ್ಟಲ್ಲ. ಆದ್ರೆ ಬೊಟ್ಟಿಟ್ಟವರ ಮೈಯೊಳಗೆ ನನ್ನ ಬೇರು ಇಳಿದುಬಿಟ್ಟಿದೆ. ಅವರನ್ನ ಬಿಡೋಕೆ ನನಗೇ ಬರಲ್ಲ. ಅವರು ಇಲ್ಲಿದ್ರೆ ನಾನೂ ಇಲ್ಲೇ ಇರ್ತೀನಿ."

ಟೊಮೆಟೊ ಕೋಲು ಹಿಡಿದು ನಿಂತಳು. ಒಂದು ದಿನ ನಿಂತಳು. ಎರಡು ದಿನ ನಿಂತಳು. ಮೆಣಸಿನಕಾಯಿ ಕೂಡ ಏನೂ ಅನ್ನಲಿಲ್ಲ. ಮೊದಲು ಹುಟ್ಟಿದ ಮಗಳು. ಯಾರೂ ಇಲ್ಲದಾಗ ಅಡುಗೆ ಮಾಡಿ ಹಾಕಿದ ಮಗಳು.

ಮೂರನೆಯ ದಿನ ಹಿರಿಯೆಲೆಯೇ ಮಾತಾಡಿದಳು. "ಅಮ್ಮಾ, ಮಳೆ ಬಂದ್ರೆ ನನ್ನ ಮೇಲಿಂದ ಹನಿ ಹಾರುತ್ತೆ. ಪಾಪು ಮೇಲೆ ಬೀಳುತ್ತೆ. ನನ್ನ ಬಿಡು."

ರೂಪಕಲಾ ಕಥೆ ಹೇಳುತ್ತಾ ಹೇಳುತ್ತಾ ಇಲ್ಲಿ ತಡವರಿಸಿದಳು. ಈ ಮಾತು ಅವಳು ಯೋಚಿಸಿ ಇಟ್ಟುಕೊಂಡದ್ದಲ್ಲ. ನಾಲಿಗೆಗೆ ತಾನೇ ಬಂದದ್ದು. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಎದುರಿಗೆ ತನು ಗಿಡದ ಕೆಳಗಿನ ಎಲೆಯನ್ನೇ ನೋಡುತ್ತಾ ನಿಂತಿದ್ದಳು.

"ಆಮೇಲೆ?" ಎಂದಳು ತನು, ಮೆಲ್ಲಗೆ.

ಆಮೇಲೆ ಟೊಮೆಟೊ ಬಿಟ್ಟಳು. ನೆಲಕ್ಕೆ ಬಿಡಲಿಲ್ಲ. ನೆಲಕ್ಕೆ ಬಿಟ್ಟರೆ ಅಜ್ಜಿ ಮತ್ತೆ ಹನಿ ಹತ್ತಿ ಬರುತ್ತಾಳೆ. ಬೆಂಕಿಯಣ್ಣನನ್ನು ಕರೆದು, "ಜೋಪಾನವಾಗಿ ಕರ್ಕೊಂಡು ಹೋಗು" ಎಂದು ಅವನ ಕೈಗೆ ಕೊಟ್ಟಳು. ಹಿರಿಯೆಲೆ ಹೋಗುವಾಗ ಅಮ್ಮನ ಕೈಗೆ ತನ್ನ ವಾಸನೆ ಬಳಿದು ಹೋದಳು.

"ಅದಕ್ಕೇ ನೋಡು, ಇವತ್ತಿಗೂ ಟೊಮೆಟೊ ಗಿಡ ಕೋಲು ಹಿಡಿದೇ ನಿಲ್ಲೋದು. ಇವತ್ತಿಗೂ ಬೊಟ್ಟು ಮೊದಲು ಬರೋದು ಕೆಳಗಿನ ಎಲೆಗೇ, ಉಂಗುರದ ಸುತ್ತ ಉಂಗುರ. ಇವತ್ತಿಗೂ ಆ ಎಲೆ ಮುಟ್ಟಿದ್ರೆ ಕೈಗೆ ಹತ್ತಿದ ವಾಸನೆ ಸೋಪು ಹಾಕಿದ್ರೂ ಬೇಗ ಹೋಗಲ್ಲ."

ತನು ತನ್ನ ಕೈ ಮೂಸಿ ನೋಡಿಕೊಂಡಳು. ಆಮೇಲೆ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಒಣಗಿದೆ" ಎಂದಳು.

"ಬೊಟ್ಟು ಇರೋದು ಮಾತ್ರ. ಕಾಂಡದ ಹತ್ತಿರ ಹಿಡಿ. ಎಳೀಬೇಡ, ಬಗ್ಗಿಸು. ಟಕ್ ಅನ್ನುತ್ತೆ."

ಟಕ್ ಎಂದಿತು. ಒಂದು. ತನು ಕಿರುಚಲಿಲ್ಲ. ಎರಡು. ಮೂರು. ಕಪ್ಪಾದ ಕಾಯಿಯನ್ನೂ ಕಿತ್ತಳು. ಕಲ್ಲಮ್ಮ ಬಚ್ಚಲಿನಿಂದ ಬಂದು, ಸೊಂಟಕ್ಕೆ ಕೈ ಕೊಟ್ಟು ನೋಡುತ್ತಾ ನಿಂತಳು. ಅವಳು ಬೈಯಬಹುದು ಎಂದು ರೂಪಕಲಾ ಕಾದಳು. ಕಲ್ಲಮ್ಮ ಅಟ್ಟದ ಮೇಲಿಂದ ಹಳೆಯ ಸೊಳ್ಳೆಪರದೆಯ ಕೋಲೊಂದನ್ನು ತಂದು ಗಿಡದ ಪಕ್ಕ ಊರಿದಳು.

"ಕಟ್ಟೋಕೆ ದಾರ ಬೇಕಲ್ಲೇ" ಎಂದಳು.

ತನು ಕೆಳಗೆ ಬಿದ್ದಿದ್ದ ಸೀರೆಯ ತುಂಡನ್ನು ಎತ್ತಿಕೊಟ್ಟಳು. ಕಲ್ಲಮ್ಮ ಅದರಿಂದ ಬೆರಳಗಲದ ಪಟ್ಟಿ ಹರಿದು, ಗಿಡವನ್ನು ಕೋಲಿಗೆ ಸಡಿಲವಾಗಿ ಕಟ್ಟಿದಳು.

"ಇನ್ಮೇಲೆ ನೀರು ಬೆಳಿಗ್ಗೆ" ಎಂದು ರೂಪಕಲಾ ಒಳಗಿನಿಂದಲೇ ಹೇಳಿದಳು. "ಕಾಲಿಗೆ ಹಾಕು, ತಲೆಗೆ ಬೇಡ. ಬುಡದ ಸುತ್ತ ಒಣಗಿದ ಹುಲ್ಲು ಹಾಸಮ್ಮ, ಹನಿ ಹಾರದ ಹಾಗೆ. ನಾಳೆ ಬೆಳಿಗ್ಗೆ ಹುಳಿ ಮಜ್ಜಿಗೆಗೆ ನೀರು ಬೆರೆಸಿ ಎಲೆಗೆ ಚಿಮುಕಿಸೋಣ. ಮುಂದಿನ ವರ್ಷ ಈ ಜಾಗದಲ್ಲಿ ಟೊಮೆಟೊನೂ ಬೇಡ, ಬದನೆನೂ ಬೇಡ. ಹುರುಳಿಕಾಯಿ ಹಾಕು."

"ಬಾಣಂತಿ ಆದ್ರೂ ಬಾಯಿಗೆ ಮಾತ್ರ ಸ್ಕಾರ್ಫಿಲ್ಲ" ಎಂದಳು ಕಲ್ಲಮ್ಮ.

ಆರನೆಯ ಎಲೆ ಎಲ್ಲಕ್ಕಿಂತ ಕೆಳಗಿನದು. ತನು ಅದನ್ನು ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತಳು. ಆಮೇಲೆ ಟಕ್ ಎಂದಿತು. ಆರು ಎಲೆ, ಒಂದು ಕಾಯಿ, ಎಲ್ಲವನ್ನೂ ಒಂದು ಕಾಗದದಲ್ಲಿ ಹಾಕಿಕೊಂಡು ಹೋಗಿ ಹಂಡೆ ಒಲೆಗೆ ಕೊಟ್ಟು ಬಂದಳು. "ಜೋಪಾನವಾಗಿ ಕರ್ಕೊಂಡು ಹೋಗು" ಎಂದು ಒಲೆಗೆ ಹೇಳಿದ್ದು ಇಲ್ಲಿಗೂ ಕೇಳಿಸಿತು. ಆಮೇಲೆ ಸೋಪು ಹಾಕಿ ಕೈ ತೊಳೆದಳು.

ಬಂದು ಹೊಸ್ತಿಲಿನ ಆಚೆ ನಿಂತಳು. ಒಳಗೆ ಬರಲಿಲ್ಲ. ಕೂಸು ಬಂದ ದಿನದಿಂದ ಅವಳ ಚಾಪೆ ಅಜ್ಜಿಯ ಕೋಣೆಯಲ್ಲಿತ್ತು. ನಿದ್ದೆಯಲ್ಲಿ ಕಾಲು ಝಾಡಿಸುವ ಹುಡುಗಿ, ಕೂಸಿಗೆ ತಗುಲೀತು ಎಂದು ಯಾರೋ ಅವತ್ತು ಚಾಪೆ ಎತ್ತಿ ಆ ಕಡೆ ಹಾಸಿದ್ದರು. ಒಳ್ಳೆಯದೇ ಆಯಿತೆಂದು ರೂಪಕಲಾ ಕೂಡ ಸುಮ್ಮನಿದ್ದಳು.

"ಮೊದಲು ಹುಟ್ಟಿದ್ದನ್ನೇ ಯಾಕೆ ಕೀಳೋದು?" ಎಂದಳು ತನು.

ರೂಪಕಲಾ ಕೂಸನ್ನು ಒಂದು ತೊಡೆಗೆ ಸರಿಸಿದಳು. ಇನ್ನೊಂದು ತೊಡೆಯನ್ನು ತಟ್ಟಿದಳು. "ಬಾ ಇಲ್ಲಿ."

"ನಾನು ಮಣ್ಣಾಗಿದ್ದೀನಿ."

"ಆಗಿರು. ಬಾ."

ತನು ಹೊಸ್ತಿಲು ದಾಟಿ ಬಂದು, ತೊಡೆಯ ತುದಿಯಲ್ಲಿ, ಭಾರ ಬಿಡದೆ ಕೂತಳು. ಕಲ್ಲಮ್ಮ ಹುಲ್ಲು ತರುವ ನೆಪ ಮಾಡಿಕೊಂಡು ಆಚೆ ಹೋದಳು.

"ಕಥೆ ಇನ್ನೂ ಮುಗಿದಿಲ್ಲ" ಎಂದಳು ರೂಪಕಲಾ. "ಎರಡು ದಿನ ಕಳೆದು, ಎಲೆ ಕಿತ್ತ ಗಾಯ ಒಣಗಿದ ಮೇಲೆ, ಭೂಮಿತಾಯಿ ಬಂದು ಟೊಮೆಟೊಳ ಕಾಲಿಗೆ ಹೊಸ ಮಣ್ಣು ಏರಿಸಿದಳು. ಹಿರಿಯೆಲೆ ಇದ್ದ ಜಾಗ ಮಣ್ಣೊಳಗೆ ಹೋಯ್ತು. ಆಮೇಲೆ ಏನಾಯ್ತು ಗೊತ್ತಾ? ಅಲ್ಲಿಂದ ಬೇರು ಬಂತು. ಬಿಳೀದು, ಗಟ್ಟಿ ಬೇರು. ಅದಕ್ಕೇ ಇವತ್ತಿಗೂ ಟೊಮೆಟೊ ಕಾಂಡಕ್ಕೆ ಮಣ್ಣು ಏರಿಸಿದ್ರೆ, ಮೊದಲನೇ ಎಲೆ ಇದ್ದ ಕಡೆಯಿಂದ ಬೇರು ಬರುತ್ತೆ. ನಾಡಿದ್ದು ನಾವೂ ಏರಿಸೋಣ, ನೀನೇ ನೋಡುವೆಯಂತೆ. ಆ ಬೇರು ಇಲ್ಲದಿದ್ರೆ ಇಡೀ ಗಿಡ, ಹೂವು, ಕಾಯಿ, ಪಾಪು, ಎಲ್ಲ ಮಗುಚಿಬೀಳುತ್ತೆ."

ತನು ಗಿಡವನ್ನು ನೋಡಿದಳು. ಬುಡ ಬೋಳಾಗಿತ್ತು. ಮೇಲೆ ಹಸಿರು ಎಲೆಗಳು ಬಿಸಿಲಲ್ಲಿ ಅಲ್ಲಾಡುತ್ತಿದ್ದವು. ಆರು ಕಾಯಿ ಉಳಿದಿದ್ದವು. ಅವಳು ನಿಧಾನವಾಗಿ ಹಿಂದಕ್ಕೆ ಒರಗಿ, ಅಮ್ಮನ ಮೇಲೆ ಪೂರ್ತಿ ಭಾರ ಬಿಟ್ಟಳು. ಅವಳ ಬೆರಳಲ್ಲಿ ಸೋಪಿನ ಕೆಳಗೆ ಇನ್ನೂ ಟೊಮೆಟೊ ಎಲೆಯ ವಾಸನೆ ಇತ್ತು.

"ಅಮ್ಮಾ" ಎಂದಳು. "ಕೀಳೋವಾಗ ಆ ಎಲೆಗೆ ಇದನ್ನ ಯಾರಾದ್ರೂ ಹೇಳಿದ್ರಾ?"